ಹೊತ್ತಗೆಗೆ ಸಿಗದ ಪಟ್ಟು

ನಂಜನಗೂಡಿಗೆ ಹತ್ತಿರದ ಕಳಲೆ ದಳವಾಯಿಗಳ ಊರು. 18ನೇ ಶತಮಾನದಲ್ಲಿ ಮೈಸೂರಿನ ಸೈನ್ಯ ಈ ಮನೆತನದವರ ಕೈಯಲ್ಲಿತ್ತು. 1749ರ ದೇವನಹಳ್ಳಿ ಮುತ್ತಿಗೆಯಲ್ಲಿ ಹೈದರಾಲಿಯ ಸಾಹಸ ಕಂಡು ಅವನನ್ನು ಮೇಲಕ್ಕೆ ತಂದವನು ಇದೇ ಮನೆತನದ ನಂಜರಾಜಯ್ಯ. ಜೀವನವೆಲ್ಲ ಯುದ್ಧದಲ್ಲೇ ಕಳೆದ ಈತನ ಹೆಸರಿನಲ್ಲಿ ಉಳಿದು ಬಂದಿರುವ ಕನ್ನಡ ಗ್ರಂಥಗಳು ಮಾತ್ರ ಶಿವಮಹಿಮೆಯವು. ಕಪಿಲೆಯ ಗುಂಟ ಕೆಳಗಿಳಿದು ತಿ. ನರಸೀಪುರ ತಾಲ್ಲೂಕಿಗೆ ಬಂದರೆ ಗಂಗರ ತಲಕಾಡು. ಗಂಗ ದೊರೆ ಶ್ರೀಪುರುಷ 'ಗಜಶಾಸ್ತ್ರ' ಬರೆದನೆಂದು ಪ್ರತೀತಿ. ಶಿವನಿಗೆ ಪುಸ್ತಕವಾಯಿತು, ಆನೆಗೂ ಆಯಿತು. ಬರಿಗೈ ಕಾಳಗಕ್ಕೆ ಈ ಸೀಮೆಯಲ್ಲಿ ಇದ್ದದ್ದು ಗರಡಿಮನೆ.

ಕೈಕೈ ಮಿಲಾಯಿಸುವ ವಿದ್ಯೆಯನ್ನು ಪುಸ್ತಕದಿಂದ ಕಲಿಯಬಹುದೇ? ಬರೆದಿಡುವ ಪ್ರಯತ್ನವಂತೂ ಕನ್ನಡ ನಾಡಿನಲ್ಲಿ ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿನಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ 'ಮಲ್ಲವಿನೋದ' ಎಂಬ ಅಧ್ಯಾಯವೇ ಇದೆ. ಮಲ್ಲರನ್ನು ವಯಸ್ಸು, ಗಾತ್ರ, ಬಲ ನೋಡಿ ವಿಂಗಡಿಸುವುದು ಹೇಗೆ, ಅವರಿಗೆ ಅರಮನೆಯಿಂದ ಏನೇನು ಊಟ ಕೊಡಬೇಕು, ಯಾವ ವ್ಯಾಯಾಮ ಮಾಡಿಸಬೇಕು ಎಂಬುದೆಲ್ಲ ಅಲ್ಲಿದೆ. ಬೇಳೆಕಾಳು, ಮಾಂಸ, ಹಾಲು, ಸಕ್ಕರೆ ಯಾವುದನ್ನೂ ದೊರೆ ಮರೆತಿಲ್ಲ. ಪಟ್ಟುಗಳ ಸರದಿ ಬಂದಾಗ ಮಾತ್ರ ಹೆಸರುಗಳನ್ನು ಹೇಳಿ ಮುಂದೆ ಸಾಗುತ್ತಾನೆ. ಆ ಪಟ್ಟನ್ನು ಹಾಕುವುದು ಹೇಗೆಂಬ ವಿವರಣೆ ಇಲ್ಲ. ದೊರೆಯ ಎದುರಿನಲ್ಲೇ ಮಲ್ಲರಿದ್ದರು, ಹೆಸರು ಹೇಳಿದರೆ ಸಾಕಿತ್ತು. ಇಂದಿನ ಓದುಗನಿಗೆ ಹೆಸರು ಸಿಗುತ್ತದೆ, ಪಟ್ಟು ಸಿಗುವುದಿಲ್ಲ.

ವಿವರವಾಗಿ ಬರೆದಿದ್ದರೆ ಸಿಗುತ್ತಿತ್ತೇ ಎಂಬುದೂ ಅನುಮಾನವೇ. ಗರಡಿಯ ಹುಡುಗರಿಗೆಲ್ಲ ಗೊತ್ತಿರುವ ಧೋಬಿ ಪಟ್ಟನ್ನೇ ತೆಗೆದುಕೊಳ್ಳಿ. ಎದುರಾಳಿಯ ತೋಳು ಹಿಡಿದು, ಅವನಿಗೆ ಬೆನ್ನು ಕೊಟ್ಟು ತಿರುಗಿ, ಅಗಸ ಬಟ್ಟೆಯನ್ನು ಕಲ್ಲಿಗೆ ಎತ್ತಿ ಬಡಿಯುವಂತೆ ಹೆಗಲ ಮೇಲಿಂದ ಎಳೆದು ಕೆಡವುವುದು. ಬರೆಯಲು ಒಂದು ವಾಕ್ಯ ಸಾಕು, ಚಿತ್ರ ಬೇಕೆಂದರೆ ಮೂರು ಸಾಕು. ಆದರೆ ಎದುರಾಳಿಯ ಭಾರ ಮುಂದಕ್ಕೆ ಬಂದ ಗಳಿಗೆಯಲ್ಲೇ ತಿರುಗಬೇಕು. ಮೊದಲೇ ತಿರುಗಿದರೆ ಅವನು ಕದಲುವುದಿಲ್ಲ, ತಡವಾದರೆ ಹಿಂದಿನಿಂದ ಸೊಂಟ ಹಿಡಿದು ನಿಮ್ಮನ್ನೇ ಎತ್ತುತ್ತಾನೆ. ಆ ಗಳಿಗೆ ಯಾವ ಚಿತ್ರದಲ್ಲೂ ಇಲ್ಲ, ಹಿಡಿದ ಕೈಗೆ ಮಾತ್ರ ತಿಳಿಯುವಂಥದು. ಅದಕ್ಕೇ ಉಸ್ತಾದ್ ಮಟ್ಟಿಗೆ ಇಳಿದು ತನ್ನ ತೋಳನ್ನೇ ಶಿಷ್ಯನ ಕೈಗೆ ಕೊಡುತ್ತಾನೆ, 'ಈಗ' ಎನ್ನುತ್ತಾನೆ. ಎದುರಾಳಿಯಿಲ್ಲದ ವ್ಯಾಯಾಮದ ಮಾತು ಬೇರೆ. 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳ ಕರ್ತೃ ಕೆ.ವಿ. ಅಯ್ಯರ್ ಬೆಂಗಳೂರಿನ ತಮ್ಮ ವ್ಯಾಯಾಮಶಾಲೆಯಿಂದ ಅಂಚೆಯ ಮೂಲಕವೂ ದೇಹದಾರ್ಢ್ಯ ಕಲಿಸುತ್ತಿದ್ದರು. ಕಬ್ಬಿಣದ ಗುಂಡು ಯಾವ ದಿನವೂ ಪಟ್ಟು ಬದಲಿಸುವುದಿಲ್ಲವಲ್ಲ!

ಸೈನ್ಯಕ್ಕೆ ಪುಸ್ತಕ ಬೇಡವೆಂದಲ್ಲ. ಟಿಪ್ಪು ಸುಲ್ತಾನನ ಕಾಲದಲ್ಲಿ ಜೈನುಲ್ ಅಬಿದೀನ್ ಶುಸ್ತರಿ ಪಾರ್ಸಿಯಲ್ಲಿ 'ಫತಹುಲ್ ಮುಜಾಹಿದೀನ್' ಎಂಬ ಸೈನಿಕ ಕೈಪಿಡಿ ರಚಿಸಿದ. ನೂರಾರು ಜನ ಒಂದೇ ಆಜ್ಞೆಗೆ ಒಂದೇ ರೀತಿ ಚಲಿಸಬೇಕಾದ ಕವಾಯತಿಗೆ ಬರಹವೇ ಆಧಾರ. ಕೈಗೆ ಕೈ ಹತ್ತಿದಾಗ ಆಜ್ಞೆ ಕೊಡುವವರು ಯಾರೂ ಇರುವುದಿಲ್ಲ. ಎರಡನೇ ಮಹಾಯುದ್ಧದ ಕಾಲಕ್ಕೆ ಈ ತೊಡಕಿಗೆ ಒಂದು ದಾರಿ ಹುಡುಕಿದವನು ಶಾಂಘೈ ಪೊಲೀಸಿನಲ್ಲಿ ದುಡಿದು ಬಂದ ಇಂಗ್ಲಿಷರ ಡಬ್ಲ್ಯು.ಇ. ಫೇರ್‌ಬೇರ್ನ್. ಬ್ರಿಟಿಷ್ ಕಮಾಂಡೋಗಳಿಗೆ ಕಲಿಸಿದ ಈತನ 'ಆಲ್-ಇನ್ ಫೈಟಿಂಗ್' 1942ರಲ್ಲಿ ಅಚ್ಚಾಯಿತು. ಗರಡಿಯಲ್ಲಿ ವರ್ಷಗಟ್ಟಲೆ ಸಾಮು ಮಾಡುವಷ್ಟು ಪುರುಸೊತ್ತು ಆ ಸೈನಿಕರಿಗಿರಲಿಲ್ಲ. ಆದ್ದರಿಂದ ನಯವಾದ ಪಟ್ಟುಗಳನ್ನು ಬಿಟ್ಟು, ಗಾಬರಿಯಲ್ಲೂ ಮರೆಯದ ಕೆಲವೇ ಒರಟು ಹೊಡೆತಗಳಿಗೆ ಒತ್ತು ಕೊಟ್ಟ. ಪುಸ್ತಕ ಸಾಧ್ಯವಾದದ್ದು ವಿದ್ಯೆಯನ್ನು ಇಷ್ಟು ಕುಗ್ಗಿಸಿದ್ದರಿಂದಲೇ ಎನ್ನಬಹುದು. ಅದನ್ನೂ ಸೈನಿಕರು ಓದಿ ಕಲಿತದ್ದಲ್ಲ, ಜೋಡಿಯಾಗಿ ನಿಂತು ಅಭ್ಯಾಸ ಮಾಡಿಯೇ ಕಲಿತದ್ದು.

ಇತ್ತ ಮೈಸೂರಿನ ಜಟ್ಟಿಗಳಿಗೂ ಒಂದು ಗ್ರಂಥವುಂಟು. ಗುಜರಾತಿನ ಜ್ಯೇಷ್ಠಿಮಲ್ಲರಿಗೆ ಸಂಬಂಧಿಸಿದ, ಸಂಸ್ಕೃತದ 'ಮಲ್ಲಪುರಾಣ' 1964ರಲ್ಲಿ ಬರೋಡದಿಂದ ಅಚ್ಚಾಗಿ ಬಂತು. ಮಲ್ಲರ ಬಗೆಗಳು, ಅಖಾಡದ ಮಣ್ಣು, ಋತುವಿಗೆ ತಕ್ಕ ಆಹಾರ ಇವೆಲ್ಲ ಅದರಲ್ಲಿವೆ. ಆದರೆ ವಿಜಯದಶಮಿಯಂದು ಮೈಸೂರು ಅರಮನೆಯಲ್ಲಿ ನಡೆದುಬಂದಿರುವ ವಜ್ರಮುಷ್ಟಿ ಕಾಳಗಕ್ಕೆ ಇಳಿಯುವವರು ಅದನ್ನೋದಿ ಬಂದವರಲ್ಲ. ಮೈಸೂರು, ಚಾಮರಾಜನಗರ, ಚನ್ನಪಟ್ಟಣ, ಬೆಂಗಳೂರಿನ ಜಟ್ಟಿ ಮನೆತನಗಳಲ್ಲಿ ಹಿರಿಯರು ಕಿರಿಯರಿಗೆ ಕಲಿಸಿದ ವಿದ್ಯೆ ಅದು. ತಲೆ ಬೋಳಿಸಿಕೊಂಡು, ಬಲಗೈ ಬೆರಳುಗಳಿಗೆ ವಜ್ರಮುಷ್ಟಿ ತೊಟ್ಟು ಇಳಿದ ಜಟ್ಟಿಗಳಲ್ಲಿ ಒಬ್ಬನ ತಲೆಯಿಂದ ಮೊದಲ ಹನಿ ರಕ್ತ ಚಿಮ್ಮಿದೊಡನೆ ಕಾಳಗ ಮುಗಿಯುತ್ತದೆ. ಎಷ್ಟೋ ಸಲ ನಿಮಿಷವೂ ಹಿಡಿಯುವುದಿಲ್ಲ. ಆ ಏಟು ಎಷ್ಟು ಬಿಗಿಯಾಗಿರಬೇಕು, ಎಲ್ಲಿಗೆ ತಡೆಯಬೇಕು ಎಂಬ ಲೆಕ್ಕ ತಪ್ಪಿದರೆ ಸಂಪ್ರದಾಯ ಹೋಗಿ ಅನಾಹುತವಾದೀತು. ಕಲಿಯುವಾಗ ಕೈಗೆ ವಜ್ರಮುಷ್ಟಿ ಕೊಡದೆ ಬಣ್ಣದಲ್ಲಿ ಅದ್ದಿದ ಬಟ್ಟೆ ಕಟ್ಟುವ ರೂಢಿಯುಂಟು. ಪಾಠ ಎಷ್ಟು ಬಂದಿದೆ ಎಂಬುದನ್ನು ಎದುರಿಗಿರುವವನ ತಲೆಯ ಮೇಲಿನ ಬಣ್ಣ ನೋಡಿ ಹೇಳುತ್ತಾರೆ.