ಹೊಲದ ಬೋರಿನ ನೀರು ಬೆಳೆಗೆ ಸರಿ, ಮಕ್ಕಳ ಹಲ್ಲಿಗೆ?

ನನ್ನ ಮುಂದಿನ ಹಲ್ಲುಗಳ ಮೇಲೆ ಕಂದು ಬಣ್ಣದ ಗೆರೆಗಳಿವೆ. ಸಣ್ಣವನಿದ್ದಾಗ "ಹಲ್ಲ ತಿಕ್ಕಂಗಿಲ್ಲೇನಲೇ?" ಅಂತ ಬೈಸಿಕೊಂಡಿದ್ದಕ್ಕೆ ಲೆಕ್ಕವಿಲ್ಲ. ಇದ್ದಿಲು, ಉಪ್ಪು, ಬೇವಿನ ಕಡ್ಡಿ ಎಲ್ಲದರಿಂದಲೂ ತಿಕ್ಕಿದ್ದಾಯ್ತು, ಗೆರೆ ಹೋಗಲಿಲ್ಲ. ಫೋಟೋ ತೆಗೆಯುವಾಗ ಇವತ್ತಿಗೂ ಬಾಯಿ ಮುಚ್ಚಿಯೇ ನಗುತ್ತೇನೆ. ಅದು ಹೊಲಸಲ್ಲ, ಕುಡಿದ ನೀರು ಬಿಟ್ಟ ಗುರುತು ಅಂತ ಗೊತ್ತಾಗಿದ್ದು ದೊಡ್ಡವನಾದ ಮೇಲೆ.

ಹೋದ ಬೇಸಿಗೆಯಲ್ಲಿ ನನ್ನ ಏಳು ವರ್ಷದ ಮಗಳಿಗೆ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬಂದವು. ಅವುಗಳ ಮೇಲೆ ಸುಣ್ಣ ಹಚ್ಚಿದಂಥ ಬಿಳಿ ಚುಕ್ಕಿ! ನಾವು ಇರುವುದು ಡೋಣಿಯ ಹೊಲದ ಮನೆಯಲ್ಲಿ. ಬೋರು ಬಿದ್ದಾಗಿನಿಂದ ಬೆಳೆಗೂ ಅದೇ ನೀರು, ಕೊಡಕ್ಕೂ ಅದೇ ನೀರು. ತಣ್ಣಗೆ, ತಿಳಿಯಾಗಿ, ರುಚಿಯಾಗಿಯೇ ಇದೆ. ಅನುಮಾನ ಬರುವುದಾದರೂ ಹೇಗೆ?

ಕಲ್ಲಿನಿಂದ ನೀರಿಗೆ

ಈ ಗುರುತಿಗೆ ಕಾರಣ ಫ್ಲೋರೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ಮುಂಡರಗಿ ತಾಲೂಕು ಸೇರಿ ಗದಗ ಜಿಲ್ಲೆಯ ಹಲವು ಊರುಗಳ ಅಂತರ್ಜಲದಲ್ಲಿ ಇದು ಮಿತಿಗಿಂತ ಹೆಚ್ಚಿದೆ. ಗ್ರಾನೈಟ್, ನೈಸ್‌ನಂಥ ಗಟ್ಟಿ ಕಲ್ಲಿನ ಕೆಲವು ಖನಿಜಗಳಲ್ಲಿ ಫ್ಲೋರೈಡ್ ಇರುತ್ತದೆ. ಕಲ್ಲಿನ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತ ನೀರು ಅದನ್ನು ನಿಧಾನವಾಗಿ ಕರಗಿಸಿಕೊಳ್ಳುತ್ತದೆ. ಹಾಗಾಗಿ "ಆಳಕ್ಕ ಹ್ವಾದಷ್ಟೂ ನೀರು ಚೊಲೋ" ಅನ್ನುವ ಮಾತು ನಂಬಬೇಡಿ. ಆಳದ ನೀರು ಕಲ್ಲಿನ ಜೊತೆ ಹೆಚ್ಚು ಕಾಲ ಇದ್ದ ನೀರು.

ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇದ್ದರೆ ಸರಿ. ಬೇರೆ ನೀರೇ ಸಿಗದಿದ್ದಾಗ 1.5ರವರೆಗೆ ನಡೆಯುತ್ತದೆ. ಅದನ್ನು ದಾಟಿದ ನೀರನ್ನು ದಿನಾಲೂ ಕುಡಿದರೆ ಹಲ್ಲಿಗೆ ಪೆಟ್ಟು. ಇನ್ನೂ ಹೆಚ್ಚಿನ ಪ್ರಮಾಣದಲ್ಲಿ ಹಲವು ವರ್ಷ ಕುಡಿದರೆ ಎಲುಬಿಗೂ ಪೆಟ್ಟು. ಕೀಲು ಬಿಗಿಯುತ್ತವೆ, ಬೆನ್ನು ಬಗ್ಗುವುದಿಲ್ಲ. ಭಾರತದಲ್ಲಿ ಈ ಎಲುಬಿನ ಕಾಯಿಲೆ ಮೊದಲು ವರದಿಯಾಗಿದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ. ಹಾಗಂತ ಮೊಣಕಾಲು ನೋವೆಲ್ಲ ಫ್ಲೋರೈಡ್‌ನಿಂದಲೇ ಅಲ್ಲ. ಅದನ್ನು ಡಾಕ್ಟರೇ ಹೇಳಬೇಕು.

ಎಂಟು ವರ್ಷದೊಳಗಿನ ಕೆಲಸ

ಹಲ್ಲಿನ ಮೇಲಿನ ಬಿಳಿ ಪದರು ಒಸಡಿನೊಳಗೇ ತಯಾರಾಗುತ್ತದೆ. ಮಗುವಿಗೆ ಸುಮಾರು ಎಂಟು ವರ್ಷ ತುಂಬುವವರೆಗೆ ಈ ಕೆಲಸ ನಡೆದಿರುತ್ತದೆ. ಆ ಹೊತ್ತಿನಲ್ಲಿ ಫ್ಲೋರೈಡ್ ಹೆಚ್ಚಾದರೆ ಪದರು ಸರಿಯಾಗಿ ಕಟ್ಟುವುದಿಲ್ಲ. ಹಲ್ಲು ಹೊರಬಂದ ಮೇಲೆ ಎಷ್ಟು ತಿಕ್ಕಿದರೂ ಆ ಗುರುತು ಹೋಗುವುದಿಲ್ಲ. ಮಗಳ ಮುಂದಿನ ಹಲ್ಲುಗಳ ಕಾಲ ಮುಗಿದಿದೆ. ಆದರೆ ಮೂರು ವರ್ಷದ ಮಗನ ಹಲ್ಲುಗಳು ಇನ್ನೂ ಒಳಗೆ ತಯಾರಾಗುತ್ತಿವೆ. ನನಗೆ ನಿದ್ದೆಗೆಡಿಸಿದ್ದು ಇದೇ ಲೆಕ್ಕ.

"ಆ ನೀರ ಕುಡದ ನಾವು ಬದುಕಿಲ್ಲೇನ?" ಅಂದಳು ಅವ್ವ. "ಬದುಕೇವಿ ಬೇ. ಆದ್ರ ನನ್ನ ಹಲ್ಲ ನೋಡು" ಅಂದೆ. ಮುಂದೆ ಅವಳು ಮಾತಾಡಲಿಲ್ಲ.

ಪರೀಕ್ಷೆ ಹೇಗೆ?

ಜಲ ಜೀವನ್ ಮಿಷನ್‌ನಡಿ ಗ್ರಾಮ ಪಂಚಾಯಿತಿಗಳಿಗೆ ನೀರು ಪರೀಕ್ಷೆಯ ಕಿಟ್ ಕೊಟ್ಟಿದ್ದಾರೆ. ಪಂಚಾಯಿತಿಯಲ್ಲಿ ಕೇಳಿ. ನೀರಿಗೆ ದ್ರಾವಣ ಹಾಕಿ, ಬದಲಾದ ಬಣ್ಣವನ್ನು ಕಿಟ್‌ನಲ್ಲಿರುವ ಬಣ್ಣದ ಪಟ್ಟಿಯ ಜೊತೆ ಹೋಲಿಸಿ ನೋಡಬೇಕು. ನಮ್ಮ ಬೋರಿನ ನೀರು 1.5ರ ಬಣ್ಣವನ್ನೂ ದಾಟಿತು. ಕಿಟ್ ಹೇಳುವುದು ಅಂದಾಜು. ಖಚಿತ ಅಂಕಿ ಬೇಕಾದರೆ ಸರಕಾರದ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಕೊಡಿ.

ಮಾದರಿಯನ್ನು ಗಾಜಿನ ಬಾಟಲಿಯಲ್ಲಿ ಬೇಡ, ತೊಳೆದ ಪ್ಲಾಸ್ಟಿಕ್ ಬಾಟಲಿಯಲ್ಲಿ ಒಯ್ಯಿರಿ. ಬೋರನ್ನು ಹತ್ತು ನಿಮಿಷ ಬಿಟ್ಟು ಆಮೇಲೆ ನೀರು ತುಂಬಿ. ಸರ್ವೆ ನಂಬರ್, ಬೋರಿನ ಆಳ, ತಾರೀಖು ಬರೆದ ಚೀಟಿ ಅಂಟಿಸಿ ಮೊಬೈಲಿನಲ್ಲಿ ಫೋಟೋ ಇಟ್ಟುಕೊಳ್ಳಿ. ಪಕ್ಕದ ಹೊಲದ ಬೋರಿನ ರಿಸಲ್ಟ್ ನಿಮ್ಮದಕ್ಕೆ ಲೆಕ್ಕಕ್ಕಿಲ್ಲ. ಬಿರುಕು ಬೇರೆಯಾದರೆ ನೀರೂ ಬೇರೆ.

ಏನು ಮಾಡಿದರೆ ಉಪಯೋಗವಿಲ್ಲ?

ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಉಳಿದದ್ದರಲ್ಲಿ ಇನ್ನಷ್ಟು ಹೆಚ್ಚುತ್ತದೆ. ಬಟ್ಟೆಯಲ್ಲಿ ಸೋಸುವುದು, ಕ್ಯಾಂಡಲ್ ಫಿಲ್ಟರ್, ಬ್ಲೀಚಿಂಗ್ ಪೌಡರ್, ಯುವಿ ಯಂತ್ರ ಇವುಗಳಿಂದಲೂ ಆಗುವುದಿಲ್ಲ.

ಏನು ಮಾಡಬೇಕು?

1. ಬೋರನ್ನು ಮುಚ್ಚಬೇಕಿಲ್ಲ. ಬೆಳೆಗೆ, ಸ್ನಾನಕ್ಕೆ, ಬಟ್ಟೆಗೆ ಬಳಸಿ. ಬದಲಿಸಬೇಕಾದ್ದು ಕುಡಿಯುವ ಮತ್ತು ಅಡುಗೆಯ ನೀರನ್ನು. ಅನ್ನ, ಬೇಳೆ ನೀರನ್ನು ಹೀರಿಕೊಳ್ಳುತ್ತವೆ ಅನ್ನುವುದು ನೆನಪಿರಲಿ.

2. ನಳದಲ್ಲಿ ತುಂಗಭದ್ರಾ ಹೊಳೆ ನೀರು ಬರುವ ಊರಾದರೆ ಅದನ್ನೇ ತನ್ನಿ. ಇಲ್ಲದಿದ್ದರೆ ಶುದ್ಧ ನೀರಿನ ಘಟಕದ ಕ್ಯಾನ್. ಆರ್‌ಒ ಯಂತ್ರ ಸರಿಯಾಗಿ ನಡೆಯುತ್ತಿದ್ದರೆ ಫ್ಲೋರೈಡ್ ತೆಗೆಯುತ್ತದೆ. ಅದರಿಂದ ಹೊರಬೀಳುವ ನೀರಿನಲ್ಲಿ ಫ್ಲೋರೈಡ್ ಇನ್ನೂ ಹೆಚ್ಚಿರುತ್ತದೆ, ದನಕ್ಕೆ ಕುಡಿಸಬೇಡಿ.

3. ಮಳೆ ನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. 30 ಚದರ ಮೀಟರ್ ಮಾಳಿಗೆಯ ಮೇಲೆ 500 ಮಿ.ಮೀ. ಮಳೆ ಬಿದ್ದರೆ 15,000 ಲೀಟರ್. ಐದರಲ್ಲಿ ಒಂದು ಪಾಲು ಪೋಲಾದರೂ 12,000 ಉಳಿಯುತ್ತದೆ. ಕುಡಿಯಲು, ಅಡುಗೆಗೆ ದಿನಕ್ಕೆ 25 ಲೀಟರ್ ಸಾಕಾಗುವ ಮನೆಗೆ ಇದು ವರ್ಷದ ನೀರು. ಮೊದಲ ಮಳೆಯ ನೀರನ್ನು ಹೊರಗೆ ಬಿಡಿ, ಟಾಕಿಗೆ ಬೆಳಕು ಬೀಳದಂತೆ ಮುಚ್ಚಿ, ಈ ನೀರನ್ನು ಮಾತ್ರ ಕುದಿಸಿಯೇ ಕುಡಿಯಿರಿ.

4. ಚಹಾ ಎಲೆಯಲ್ಲೂ ಫ್ಲೋರೈಡ್ ಇದೆ. ಅದನ್ನು ಬೋರಿನ ನೀರಿನಲ್ಲಿ ಕುದಿಸಿದರೆ ಎರಡೂ ಕೂಡುತ್ತವೆ. ಮಕ್ಕಳಿಗೆ ಚಹಾ ಬೇಡ.

5. ಹಾಲು, ಮೊಸರು, ರಾಗಿ, ನುಗ್ಗೆಸೊಪ್ಪಿನ ಕ್ಯಾಲ್ಸಿಯಂ ಫ್ಲೋರೈಡ್ ಮೈಗೆ ಹತ್ತುವುದನ್ನು ಕಡಿಮೆ ಮಾಡುತ್ತದೆ. ಶಾಲಾ ಹುಡುಗರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ, ಹುಣಸೆಹಣ್ಣು ತಿಂದಾಗ ಮೂತ್ರದಲ್ಲಿ ಹೆಚ್ಚು ಫ್ಲೋರೈಡ್ ಹೊರಹೋಗಿದ್ದು ಕಂಡಿತ್ತು. ಇವೆಲ್ಲ ಬೆಂಬಲ ಮಾತ್ರ. ನೀರು ಬದಲಿಸದೆ ಊಟ ಬದಲಿಸಿ ಪ್ರಯೋಜನವಿಲ್ಲ.

ಈಗ ದಿನಾ ಮುಂಜಾನೆ ಬೈಕಿಗೆ 20 ಲೀಟರಿನ ಕ್ಯಾನ್ ಕಟ್ಟಿಕೊಂಡು ಊರೊಳಗೆ ಹೋಗಿಬರುತ್ತೇನೆ. ಕೆಲಸಕ್ಕೆ ಬರುವ ಆಳುಗಳಿಗೂ ಅದೇ ನೀರು, ಅವರ ಮನೆಯಲ್ಲೂ ಸಣ್ಣ ಮಕ್ಕಳಿದ್ದಾರೆ. ಮಳೆಗಾಲದೊಳಗೆ ಟಾಕಿ ಕಟ್ಟಿಸಬೇಕು. ನಿಮ್ಮ ಹೊಲದ ಮನೆಯಲ್ಲಿ ಎಂಟು ವರ್ಷದೊಳಗಿನ ಮಗುವಿದ್ದರೆ ಈ ವಾರವೇ ಒಂದು ಬಾಟಲಿ ನೀರು ತುಂಬಿಕೊಂಡು ಪಂಚಾಯಿತಿಗೆ ಹೋಗಿ ಬನ್ನಿ.