ಯಲ್ಲಮ್ಮನ ಗುಡ್ಡದ ಕಾಲುದಾರಿ

ನವಲಗುಂದ, ಅಣ್ಣಿಗೇರಿ, ಕುಂದಗೋಳಗಳ ಎರೆಯ ಬಯಲಿನಲ್ಲಿ ಒಕ್ಕಲಿಗನೊಬ್ಬನು ‘ಗುಡ್ಡಕ್ಕ ಹೊಂಟೀವಿ’ ಎಂದರೆ, ಯಾವ ಗುಡ್ಡವೆಂದು ಯಾರೂ ಕೇಳುವುದಿಲ್ಲ. ಅದು ಬೆಳಗಾವಿ ಜಿಲ್ಲೆಯ ಸವದತ್ತಿಯ ಬಳಿ ಇರುವ ಯಲ್ಲಮ್ಮನ ಗುಡ್ಡ. ರಟ್ಟರ ಶಾಸನಗಳಲ್ಲಿ ಸುಗಂಧವರ್ತಿಯೆಂದು ಕರೆಯಿಸಿಕೊಂಡ ಸವದತ್ತಿಗೂ ನವಲಗುಂದಕ್ಕೂ ಇರುವ ನಂಟು ಭಕ್ತಿಯೊಂದರದೇ ಅಲ್ಲ. ಸವದತ್ತಿಯ ಕೋಟೆಯನ್ನು ಕಟ್ಟಿಸಿದ ಶಿರಸಂಗಿ ದೇಸಾಯಿಯವರ ಸಂಸ್ಥಾನಕ್ಕೆ ನವಲಗುಂದದ ಹೆಸರೂ ಸೇರಿಕೊಂಡಿತ್ತು.

ಗುಡ್ಡವನ್ನು ಕುರಿತು ಬರೆದವರು ಸಾಮಾನ್ಯವಾಗಿ ಮೇಲಿನ ದೇವಾಲಯದಿಂದಲೇ ಆರಂಭಿಸುತ್ತಾರೆ. 1514ರಲ್ಲಿ ರಾಯಬಾಗದ ಬೊಮ್ಮಪ್ಪ ನಾಯಕನು ಅದನ್ನು ಕಟ್ಟಿಸಿದನೆಂಬ ಹೇಳಿಕೆಯನ್ನು ಉದ್ಧರಿಸಿ, ಪ್ರಾಕಾರ, ಗರ್ಭಗೃಹಗಳನ್ನು ವರ್ಣಿಸಿ ಮುಗಿಸುತ್ತಾರೆ. ನಡೆದು ಬರುವವರ ಕ್ರಮವು ಬೇರೆ. ಅವರ ಪಾಲಿಗೆ ಗುಡ್ಡವು ಕೆಳಗೆ, ನೀರಿನ ಬಳಿ ಮೊದಲಾಗುತ್ತದೆ. ಈ ಕ್ರಮವನ್ನು ಬಿಟ್ಟರೆ ಕ್ಷೇತ್ರದ ಅರ್ಥವೇ ಕೈತಪ್ಪುವುದೆಂದು ನಮ್ಮ ಅಭಿಪ್ರಾಯ.

ಕಥೆಯನ್ನು ನೆನೆದರೆ ಇದು ಸ್ಪಷ್ಟವಾಗುವುದು. ಜಮದಗ್ನಿಯ ಪತ್ನಿ ರೇಣುಕೆ ದಿನವೂ ಮಲಪ್ರಭೆಗೆ ಹೋಗಿ, ಉಸುಕಿನ ಕೊಡ ಮಾಡಿ, ಹಾವಿನ ಸಿಂಬಿಯ ಮೇಲೆ ಅದನ್ನು ಹೊತ್ತು ನೀರು ತರುತ್ತಿದ್ದಳು. ಒಂದು ದಿನ ಮನಸ್ಸು ಚಂಚಲವಾಯಿತು, ಕೊಡ ನಿಲ್ಲಲಿಲ್ಲ. ಗಂಡನ ಶಾಪದಿಂದ ಮೈಯೆಲ್ಲ ರೋಗವಾಗಿ ಕಾಡು ಸೇರಿದ ಆಕೆಗೆ ಏಕನಾಥ, ಜೋಗಿನಾಥರೆಂಬ ಸಿದ್ಧರು ದಾರಿ ತೋರಿಸಿದರು. ಜೋಗಳಬಾವಿಯಲ್ಲಿ ಮಿಂದು ಆಕೆ ಗುಣ ಹೊಂದಿದಳು. ಆಮೇಲೆ ಪರಶುರಾಮನ ಕೊಡಲಿ, ಆಮೇಲೆ ದೇವಿತ್ವ. ಸವುಳು ನೀರಿನ ಬಾವಿಗಳ ನಾಡಿನ ಹೆಂಗಸರಿಗೆ, ನೀರು ಹೊರುವ ಹೆಣ್ಣೊಬ್ಬಳು ದೇವಿಯಾದ ಈ ಕಥೆ ಹತ್ತಿರದ್ದಾಗಿ ತೋರಿದ್ದರೆ ಆಶ್ಚರ್ಯವಿಲ್ಲ.

ಯಾತ್ರಿಕರು ಇದೇ ಕಥೆಯನ್ನು ಕಾಲಿನಿಂದ ಓದುತ್ತಾರೆ. ಮೊದಲು ಜೋಗಳಬಾವಿಯ ಸ್ನಾನ, ಅಲ್ಲಿಯ ಸತ್ಯಮ್ಮನ ದರ್ಶನ. ಬಾಯಲ್ಲಿ ಬೇವಿನೆಲೆ, ಹಣೆಯ ಮೇಲೆ ಭಂಡಾರ. ಆಮೇಲೆ ‘ಉಧೋ ಉಧೋ’ ಎನ್ನುತ್ತ ಏರು. ಮೇಲೆ ಎಣ್ಣೆಹೊಂಡದಲ್ಲಿ ಮತ್ತೊಮ್ಮೆ ನೀರು. ಸುತ್ತಲೂ ಪರಶುರಾಮ, ಮಾತಂಗಿ, ಏಕನಾಥರ ಗುಡಿಗಳು. ಕಥೆಯ ಪಾತ್ರಗಳನ್ನೆಲ್ಲ ಕಂಡೇ ತಾಯಿಯ ಮುಂದೆ ನಿಲ್ಲಬೇಕು. ಅನಂತರ ಮೂರು ಕಲ್ಲಿನ ಒಲೆ ಹೂಡಿ, ಹೋಳಿಗೆ, ಕಡಬು, ಬದನೆಕಾಯಿ ಪಲ್ಯಗಳಿಂದ ಪಡಲಿಗೆ ತುಂಬಿಸುತ್ತಾರೆ. ಹೊಸ್ತಿಲ ಹುಣ್ಣಿಮೆಗೆ ದೇವಿಯ ಕಂಕಣ ಕಳೆದು, ಭಾರತ ಹುಣ್ಣಿಮೆಗೆ ಆಕೆ ಮತ್ತೆ ಮುತ್ತೈದೆಯಾಗುತ್ತಾಳೆ. ಚಕ್ಕಡಿಗಳ ಸಾಲು ಹೆಚ್ಚಾಗಿ ಕಾಣುವುದು ಈ ದಿನಗಳಲ್ಲಿಯೇ.

ಇಂತಹ ಕ್ರಮ ನಮ್ಮಲ್ಲಿ ಮಾತ್ರ ಇರುವುದೆಂದು ಭಾವಿಸಬಾರದು. ಜಪಾನಿನ ಫ್ಯೂಜಿ ಪರ್ವತವನ್ನು ಏರುವ ಹಳೆಯ ಯಾತ್ರಿಕರು ತಪ್ಪಲಿನ ಚಿಲುಮೆಗಳಲ್ಲಿ ಮಿಂದು, ಸೆಂಗೆನ್ ಗುಡಿಯಲ್ಲಿ ವಂದಿಸಿ, ಹತ್ತು ಹಂತಗಳ ದಾರಿ ಹಿಡಿಯುತ್ತಿದ್ದರು. 1964ರಲ್ಲಿ ಐದನೆಯ ಹಂತದವರೆಗೆ ಮೋಟಾರು ರಸ್ತೆಯಾಯಿತು; ಕೆಳಗಿನ ಅರ್ಧ ದಾರಿಯಲ್ಲಿ ನಡೆಯುವವರು ವಿರಳವಾದರು. 2013ರಲ್ಲಿ ಫ್ಯೂಜಿಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಶಿಖರದೊಂದಿಗೆ ಆ ತಪ್ಪಲಿನ ಗುಡಿಗಳನ್ನೂ ಚಿಲುಮೆಗಳನ್ನೂ ಸೇರಿಸಿದುದು ವಿವೇಕದ ಕೆಲಸ. ಅಲ್ಲಿ 1872ರವರೆಗೆ ಹೆಂಗಸರಿಗೆ ಶಿಖರ ನಿಷಿದ್ಧವಾಗಿತ್ತು. ನಮ್ಮ ಗುಡ್ಡವಾದರೋ ಹೆಂಗಸರಿಂದಲೇ ತುಂಬಿದುದು.

ಇಲ್ಲಿಯೂ ಬಸ್ಸು ದೇವಾಲಯದ ಸಮೀಪಕ್ಕೇ ಬರುತ್ತದೆ. 2023ರ ಜೂನ್‌ನಲ್ಲಿ ಹೆಂಗಸರಿಗೆ ಸರಕಾರಿ ಬಸ್ಸಿನ ಪ್ರಯಾಣ ಉಚಿತವಾದ ಮೇಲೆ ಜನಸಂದಣಿ ಇನ್ನೂ ಹೆಚ್ಚಿದೆ. ವೃದ್ಧೆಯರಿಗೂ ಕೂಲಿಯ ಹೆಂಗಸರಿಗೂ ಇದರಿಂದಾದ ಅನುಕೂಲವನ್ನು ಹಳಿಯುವುದು ಸಲ್ಲದು. ಆದರೆ ನೇರವಾಗಿ ಮೇಲಿಳಿದವರಿಗೆ ಕಥೆಯ ಕೊನೆಯ ಅಧ್ಯಾಯವಷ್ಟೇ ದೊರೆಯುತ್ತದೆ.

ಜೋಗಳಬಾವಿಯನ್ನು ನೆನೆಯುವಾಗ ಇನ್ನೊಂದು ಸಂಗತಿಯನ್ನು ಮರೆಮಾಚಲಾಗದು. ಮೈ ಶುದ್ಧವಾಗುವುದೆಂದು ನಂಬಿದ ಈ ನೀರಿನ ಬಳಿಯಲ್ಲೇ, ಸತ್ಯಮ್ಮನ ಗುಡಿಯಲ್ಲಿ, ಬಡ ಮನೆಗಳ, ಅದರಲ್ಲೂ ಹೆಚ್ಚಾಗಿ ದಲಿತರ ಮನೆಗಳ ಎಳೆಯ ಹುಡುಗಿಯರಿಗೆ ಮುತ್ತು ಕಟ್ಟುತ್ತಿದ್ದರು. ಮುಂಬಯಿ ಪ್ರಾಂತದ 1934ರ ಕಾಯಿದೆಯಿಂದ ಇದು ನಿಲ್ಲಲಿಲ್ಲ. ಕರ್ನಾಟಕವು 1982ರಲ್ಲಿ ಮತ್ತೊಂದು ಕಾಯಿದೆಯನ್ನು ಮಾಡಬೇಕಾಯಿತು. ಮೇಲಿನ ದೇವಾಲಯವನ್ನಷ್ಟೇ ವರ್ಣಿಸಿದ ಬರಹಗಳಲ್ಲಿ ಈ ಹುಡುಗಿಯರು ಕಾಣಿಸದಿರುವುದಕ್ಕೆ ಕಾರಣವುಂಟು: ಅವರ ಬದುಕಿನ ತೀರ್ಮಾನ ನಡೆದುದು ಏರು ಮೊದಲಾಗುವ ಮುಂಚೆ, ದಾರಿಯ ಬುಡದಲ್ಲಿ. ಕೊರಳಿಗೆ ಮುತ್ತು ಬಿದ್ದ ಮೇಲೆ ಅವರೂ ಉಳಿದವರ ಜೊತೆ ‘ಉಧೋ’ ಎನ್ನುತ್ತಲೇ ಮೇಲಕ್ಕೆ ನಡೆದರು.