ಮುಚ್ಚಿಟ್ಟ ನೋವಿಗೂ ಮದ್ದಿದೆ

ಇಮ್ರಾನ್ ಬಿನ್ ಹುಸೈನ್(ರ) ಎಂಬ ಸಹಾಬಿಗೆ ಮೂಲವ್ಯಾಧಿಯಿತ್ತು. ನಮಾಝ್ ಹೇಗೆ ನಿರ್ವಹಿಸಲಿ ಎಂದು ಅವರು ಪ್ರವಾದಿ(ಸ)ರಲ್ಲಿ ನೇರವಾಗಿ ಕೇಳಿದರು. ನಿಂತು, ಆಗದಿದ್ದರೆ ಕುಳಿತು, ಅದೂ ಆಗದಿದ್ದರೆ ಮಗ್ಗುಲಾಗಿ ಮಲಗಿ ನಿರ್ವಹಿಸುವಂತೆ ಪ್ರವಾದಿ(ಸ)ರು ತಿಳಿಸಿದರು. ಬುಖಾರಿಯಲ್ಲಿರುವ ಈ ಹದೀಸ್‌ನಲ್ಲಿ ಇನ್ನೊಂದು ಪಾಠವೂ ಇದೆ. ಹೇಳಲು ಸಂಕೋಚವಾಗುವ ರೋಗವನ್ನು ಆ ಸಹಾಬಿ ಮುಚ್ಚಿಡಲಿಲ್ಲ.

ನಮ್ಮ ಮನೆಗಳಲ್ಲಿ ಹಾಗೆ ಮುಚ್ಚಿಡುವ ರೋಗವೊಂದು ಹಿಡ್ರಾಡೆನೈಟಿಸ್ ಸಪ್ಪುರೇಟಿವಾ. ಕಂಕುಳು, ತೊಡೆಸಂದು, ಸ್ತನದ ಕೆಳಭಾಗ, ಪೃಷ್ಠಗಳಲ್ಲಿ ನೋವಿನ ಗಂಟುಗಳೆದ್ದು, ಒಡೆದು ಕೀವು ಸೋರಿ, ಮತ್ತೆ ಅಲ್ಲೇ ಏಳುತ್ತವೆ. ಸಾಮಾನ್ಯವಾಗಿ ಹರೆಯದ ನಂತರ ಶುರುವಾಗುತ್ತದೆ. ಕೂದಲಿನ ಬುಡ ಕಟ್ಟಿಕೊಂಡು ಚರ್ಮದೊಳಗೇ ಒಡೆಯುವುದರಿಂದ ಉರಿಯೂತ ಉಂಟಾಗುತ್ತದೆ. ಇದು ಅಶುದ್ಧಿಯಿಂದ ಬರುವುದಲ್ಲ, ಅಂಟುರೋಗವೂ ಅಲ್ಲ. ‘ಸರಿಯಾಗಿ ಸ್ನಾನ ಮಾಡು’ ಎಂದು ಮಗಳನ್ನು ಗದರಿಸುವ ಮುನ್ನ ತಾಯಂದಿರು ಇದನ್ನು ತಿಳಿದಿರಬೇಕು.

ನೋವು ಹೆಚ್ಚಾದಾಗ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಶುದ್ಧ ಬಟ್ಟೆಯನ್ನು ಹತ್ತು ನಿಮಿಷ ಇಡಬಹುದು. ಗಂಟನ್ನು ಹಿಸುಕಬಾರದು. ಸಡಿಲವಾದ ಹತ್ತಿ ಬಟ್ಟೆ ಉತ್ತಮ. ಪ್ಯಾರಾಸಿಟಮಾಲ್ ತೆಗೆದುಕೊಳ್ಳಬಹುದು, ಆದರೆ ವಯಸ್ಕರಿಗೂ ದಿನಕ್ಕೆ 4 ಗ್ರಾಂ ಮೀರಬಾರದು, ಯಕೃತ್ತಿನ ತೊಂದರೆ ಇರುವವರು ಮೊದಲೇ ವೈದ್ಯರನ್ನು ಕೇಳಬೇಕು. ಐಬುಪ್ರೊಫೆನ್‌ನಂತಹ ಮಾತ್ರೆಗಳು ಊದುವಿಕೆಯನ್ನೂ ತಗ್ಗಿಸುತ್ತವೆ. ಹೊಟ್ಟೆಹುಣ್ಣು, ಮೂತ್ರಪಿಂಡದ ಕಾಯಿಲೆ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಅವನ್ನು ನುಂಗಬಾರದು.

ನೋವಿನ ಮಾತ್ರೆ ಬುಡದ ರೋಗವನ್ನು ನಿಲ್ಲಿಸದು. ಚರ್ಮರೋಗ ತಜ್ಞರು ಗಂಟಿನೊಳಗೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಟ್ಟರೆ ಕೆಲವೇ ದಿನಗಳಲ್ಲಿ ನೋವು ಇಳಿಯಬಹುದು. ಕೊಯ್ದು ಕೀವು ತೆಗೆದರೆ ತಕ್ಷಣ ಹಾಯೆನಿಸಿದರೂ ಗಂಟು ಮರುಕಳಿಸುವುದೇ ಹೆಚ್ಚು. ಆದ್ದರಿಂದ ವಾರಗಟ್ಟಲೆ ಆಂಟಿಬಯೋಟಿಕ್, ತೀವ್ರವಾದಾಗ ಅಡಾಲಿಮುಮಾಬ್ ಚುಚ್ಚುಮದ್ದು ಅಥವಾ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಬೀಡಿ, ಸಿಗರೇಟು ಬಿಡುವುದು, ತೂಕ ಇಳಿಸುವುದು, ಸಕ್ಕರೆ ಕಾಯಿಲೆ ಇದೆಯೇ ಎಂದು ಪರೀಕ್ಷಿಸುವುದೂ ಚಿಕಿತ್ಸೆಯ ಭಾಗವೇ. ಜ್ವರ ಬಂದರೆ, ಕೆಂಪು ವೇಗವಾಗಿ ಹರಡಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಆರಾಧನೆಯ ವಿಷಯದಲ್ಲೂ ದೀನ್ ನಮ್ಮನ್ನು ಇಕ್ಕಟ್ಟಿಗೆ ಸಿಲುಕಿಸಿಲ್ಲ. ಸುಜೂದ್‌ಗೆ ಬಾಗಲು ಅಸಾಧ್ಯವಾದವರು ಅದನ್ನು ಸನ್ನೆಯಿಂದ ನಿರ್ವಹಿಸಬಹುದು. ಬ್ಲೇಡಿನಿಂದ ಗಂಟು ಕೆರಳುವುದಾದರೆ ಕೂದಲನ್ನು ಕತ್ತರಿಯಿಂದ ಕತ್ತರಿಸಬಹುದು. ರೋಗಿಗೆ ಉಪವಾಸವನ್ನು ಬೇರೆ ದಿನಗಳಲ್ಲಿ ಪೂರೈಸುವ ರಿಯಾಯಿತಿ ಕುರ್‌ಆನ್‌ನಲ್ಲೇ ಇದೆ. ಕೀವು ನಿರಂತರ ಸೋರುವವರ ವುಝೂ ಬಗ್ಗೆ ಶಾಫಿಈ, ಹನಫಿ ಮದ್‌ಹಬ್‌ಗಳಲ್ಲಿ ವಿವರಗಳು ಬೇರೆಯಾಗಿರುವುದರಿಂದ ನಿಮ್ಮ ಉಸ್ತಾದರಲ್ಲಿ ಕೇಳಿ.

ನೋವಿನ ಮೇಲಿನ ಸಹನೆಗೆ ಪ್ರತಿಫಲವಿದೆ. ಆದರೆ ಸಹನೆಯೆಂದರೆ ಮದ್ದು ಬಿಟ್ಟು ಕೊರಗುವುದಲ್ಲ. ಚಿಕಿತ್ಸೆ ಪಡೆಯಲು ಆಜ್ಞಾಪಿಸಿದವರೂ ಪ್ರವಾದಿ(ಸ)ರೇ. ಸ್ತ್ರೀಯರು ಮಹಿಳಾ ವೈದ್ಯರನ್ನು ಕೇಳಿ ಪಡೆಯಬಹುದು. ಅವರು ಸಿಗದಿದ್ದರೆ ಅಗತ್ಯಕ್ಕೆ ತಕ್ಕಷ್ಟು ರಿಯಾಯಿತಿ ಇದ್ದೇ ಇದೆ. ಮನೆಯವರು ಜೊತೆಗೆ ಹೋಗಲಿ. ಅಲ್ಲಾಹನು ಎಲ್ಲ ರೋಗಿಗಳಿಗೂ ಶಿಫಾ ಕರುಣಿಸಲಿ, ಆಮೀನ್.